ಮಕ್ಕಳ ಜೊತೆ ಮಲೆನಾಡಿನ ಬೇಸಿಗೆ: ಹೊಳೆ, ಹುಳ, ಹಕ್ಕಿ, ಸುತ್ತಾಟ – ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್‌ನಲ್ಲಿ ಶಾಲೆಗೆ ಬೀಗ ಬಿದ್ದ ಕೂಡಲೇ ನಮ್ಮ ಮಕ್ಕಳು ತೀರ್ಥಹಳ್ಳಿ ಕಡೆಯ ಅಜ್ಜಿಮನೆ ಸೇರುತ್ತಾರೆ. ದೊಡ್ಡವಳು ಆರನೇ ತರಗತಿ, ಚಿಕ್ಕವನು ಈಗಷ್ಟೇ ಒಂದನೇ ತರಗತಿ. ಮೇ ಕೊನೆಯವರೆಗೆ ತೋಟ, ತುಂಗಾ ಹೊಳೆ, ಗುಡ್ಡ, ನಡುವೆ ಒಮ್ಮೆ ಸಮುದ್ರ, ದಾರಿಯಲ್ಲಿ ಪಕ್ಷಿಧಾಮ. ಫೋಟೊ ನೋಡಿದ ಗೆಳೆಯರು, ಮಕ್ಕಳ ಸಹಪಾಠಿಗಳ ಅಪ್ಪ-ಅಮ್ಮಂದಿರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಆಗಿರುವುದರಿಂದ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇವೆ. ನೀರಿನ ಬಗೆಗಿನ ಉತ್ತರಗಳು ಉದ್ದವಾಗಿವೆ. ಬೇರೆ ಯಾವುದನ್ನು ಬಿಟ್ಟರೂ ಅವನ್ನು ಓದಿ.

ಏಪ್ರಿಲ್‌ನಲ್ಲಿ ಹೋಗುವುದು ಒಳ್ಳೆಯದೋ, ಮೇ ತಿಂಗಳಲ್ಲೋ?

ಎರಡೂ ಬೇರೆ ಬೇರೆ ಋತು ಎಂದೇ ತಿಳಿಯಿರಿ. ಏಪ್ರಿಲ್‌ನಲ್ಲಿ ಹೊಳೆ ಇಳಿದು ಬಂಡೆಗಳು ಮೇಲೆದ್ದಿರುತ್ತವೆ, ಜೀರುಂಡೆ ಕಿವಿಗಡಚಿಕ್ಕುತ್ತದೆ, ಗೇರುಹಣ್ಣು ಬಿದ್ದು ಗುಡ್ಡವೆಲ್ಲ ಘಮಗುಡುತ್ತದೆ, ಕಕ್ಕೆ ಮರ ಹಳದಿ ಗೊಂಚಲು ಬಿಡುತ್ತದೆ. ಮೇ ತಿಂಗಳಲ್ಲಿ ಸಂಜೆ ಗುಡುಗು-ಮಳೆ ಶುರು. ಹಲಸು, ನೇರಳೆ, ಮುರುಗಲು ಹಣ್ಣಾಗುತ್ತವೆ, ತಿಂಗಳ ಕೊನೆಗೆ ಮಿಂಚುಹುಳಗಳು ಏಳುತ್ತವೆ. ಒಂದೇ ವಾರ ರಜೆ ಸಿಗುವವರು ಈಜಿನ ಆಸೆ ಇದ್ದರೆ ಏಪ್ರಿಲ್, ಹುಳ-ಹಣ್ಣಿನ ಆಸೆ ಇದ್ದರೆ ಮೇ ಆರಿಸಿಕೊಳ್ಳಿ.

ದಿನಕ್ಕೆ ಎಷ್ಟು ಜಾಗ ನೋಡಬಹುದು?

ಒಂದು. ಅದೂ ದಿನ ಬಿಟ್ಟು ದಿನ. ಆಗುಂಬೆ, ಶೃಂಗೇರಿ, ಕುಪ್ಪಳಿ, ಕವಲೇದುರ್ಗ, ಸಕ್ರೆಬೈಲು ಎಲ್ಲವನ್ನೂ ಎರಡು ದಿನದಲ್ಲಿ ಮುಗಿಸುವ ಪಟ್ಟಿ ಹಿಡಿದು ಬರುವವರನ್ನು ನೋಡುತ್ತೇವೆ. ಮಕ್ಕಳು ಕಾರಿನ ಹಿಂದಿನ ಸೀಟಿನಲ್ಲಿ ವಾಂತಿ ಮಾಡಿಕೊಂಡು ಮಲಗಿರುತ್ತಾರೆ. ಒಂದೇ ತೋಡಿನ ದಂಡೆಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮಳೆ ಬಿದ್ದ ಮಾರನೇ ದಿನ ಮತ್ತೊಮ್ಮೆ ಹೋಗಿ ನೋಡಿ. ನಿನ್ನೆ ಇದ್ದದ್ದು ಇವತ್ತು ಇಲ್ಲ, ಇವತ್ತಿನದ್ದು ನಿನ್ನೆ ಇರಲಿಲ್ಲ ಎಂದು ಮಕ್ಕಳೇ ಹೇಳತೊಡಗುತ್ತಾರೆ. ನಮ್ಮ ರಜೆಯ ಬಹುಪಾಲು ಹೀಗೆಯೇ ಕಳೆಯುತ್ತದೆ, ನಾವು ಬೇಕೆಂದೇ ಹಾಗೆ ಇಟ್ಟುಕೊಂಡಿದ್ದೇವೆ.

ಮಕ್ಕಳಿಗೆ ಈಜು ಕಲಿಸಲು ಸರಿಯಾದ ವಯಸ್ಸು ಯಾವುದು? ಎಲ್ಲಿ ಕಲಿಸಬೇಕು?

ನಾಲ್ಕು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಹೇಳಿದ್ದನ್ನು ಕೇಳಿ, ಕೈಕಾಲು ಹೊಂದಿಸಿ ಕಲಿಯಬಲ್ಲವರಾಗಿರುತ್ತಾರೆ. ಕಲಿಕೆ ಶುರುವಾಗಬೇಕಾದದ್ದು ತರಬೇತುದಾರರಿರುವ ಈಜುಕೊಳದಲ್ಲಿ. ಅಲ್ಲಿ ತಳ ಕಾಣುತ್ತದೆ, ಆಳ ಬರೆದಿರುತ್ತದೆ, ಹಿಡಿಯಲು ಅಂಚು ಇರುತ್ತದೆ. ಹಿಂದೆ ನಮ್ಮ ಹಿರಿಯರು ಬೆನ್ನಿಗೆ ಒಣ ಸೋರೆ ಬುರುಡೆಯನ್ನೋ ಬೆಂಡನ್ನೋ ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ಅದು ನಡೆಯುತ್ತಿದ್ದುದು ಪಕ್ಕದಲ್ಲಿ ಚೆನ್ನಾಗಿ ಈಜು ಬಲ್ಲ ದೊಡ್ಡವರು ನೀರಿನಲ್ಲೇ ಇರುತ್ತಿದ್ದುದರಿಂದ. ಬುರುಡೆ ಮಾತ್ರ ನೆನಪಿಟ್ಟುಕೊಂಡು ಆ ದೊಡ್ಡವರನ್ನು ಮರೆತರೆ ಅನಾಹುತ.

ಕಲಿಸುವ ಕ್ರಮದಲ್ಲಿ ನಮ್ಮ ಒಂದು ಹಟ ಇದೆ. ಮೊದಲು ಕೈ ಬೀಸುವುದಲ್ಲ, ಅಂಗಾತ ತೇಲುವುದು. ನೀರಿನಲ್ಲಿ ಉಸಿರು ಬಿಟ್ಟು ಗುಳ್ಳೆ ಎಬ್ಬಿಸುವುದು, ಬೆನ್ನ ಮೇಲೆ ತೇಲಿ ಮುಖ ಆಕಾಶಕ್ಕೆ ಮಾಡಿ ಸಾವಕಾಶ ಉಸಿರಾಡುವುದು, ಬಿದ್ದಲ್ಲಿಂದ ತಿರುಗಿ ಅಂಚು ಹಿಡಿಯುವುದು, ಏಣಿ ಇಲ್ಲದೆ ಮೇಲೆ ಹತ್ತುವುದು. ಈ ನಾಲ್ಕು ಬಂದ ಮೇಲೆ ಫ್ರೀಸ್ಟೈಲ್ ತಾನಾಗಿ ಬರುತ್ತದೆ. ನಮ್ಮ ಚಿಕ್ಕವನಿಗೆ ಇನ್ನೂ ಕೊಳದ ಅಡ್ಡಗಲ ದಾಟಲು ಬಾರದು, ಆದರೆ ತೇಲಲು ಬರುತ್ತದೆ. ನಮಗೆ ಅದೇ ದೊಡ್ಡ ಸಂತೋಷ.

ಗಾಳಿ ತುಂಬುವ ತೋಳುಪಟ್ಟಿ, ಬಾತುಕೋಳಿ ಟ್ಯೂಬು ಆಟದ ಸಾಮಾನುಗಳು. ಅವು ಜಾರುತ್ತವೆ, ತೂತಾಗುತ್ತವೆ. ದೋಣಿಯಲ್ಲಿ, ಹೊಳೆಯಲ್ಲಿ ಮಗುವಿನ ತೂಕಕ್ಕೆ ತಕ್ಕ ಲೈಫ್ ಜಾಕೆಟ್ ಬೇಕು. ಬಕಲ್ ಹಾಕಿದ ಮೇಲೆ ಎರಡೂ ಭುಜ ಹಿಡಿದು ಮೇಲಕ್ಕೆತ್ತಿ ನೋಡಿ. ಜಾಕೆಟ್ ಕಿವಿಯವರೆಗೆ ಬಂದರೆ ಅದು ದೊಡ್ಡದಾಯಿತು.

ಪೂಲ್‌ನಲ್ಲಿ ಚೆನ್ನಾಗಿ ಈಜುವ ಮಗುವನ್ನು ಹೊಳೆಗೆ ಬಿಡಬಹುದಲ್ಲವೇ?

ಬಿಡಬೇಡಿ, ಜೊತೆಗೆ ಇಳಿಯಿರಿ. ಹೊಳೆಯ ನೀರು ಮೇಲೆ ನಿಂತಂತೆ ಕಂಡರೂ ಕೆಳಗೆ ಹರಿಯುತ್ತಿರುತ್ತದೆ. ಮರಳು ತೆಗೆದ ಕಡೆ ಮೊಣಕಾಲಿನ ನೀರು ಒಂದೇ ಹೆಜ್ಜೆಗೆ ತಲೆ ಮುಳುಗುವಷ್ಟಾಗುತ್ತದೆ. ಪಾಚಿ ಹಿಡಿದ ಬಂಡೆ ಮೇಲೆ ದೊಡ್ಡವರೂ ನಿಲ್ಲಲಾರರು. ಮೇಲ್ಭಾಗದಲ್ಲಿ ಮಳೆ ಬಿದ್ದರೆ ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ನೀರು ಏರುತ್ತದೆ. ಕಾವೇರಿ ದಡದ ಬಲಮುರಿ, ಮುತ್ತತ್ತಿ, ಸಂಗಮದಂತಹ ಜಾಗಗಳಲ್ಲಿ ಸುಳಿ, ಬಂಡೆಯ ಪೊಟರೆಗಳು ಪ್ರತಿವರ್ಷ ಜೀವ ತೆಗೆಯುತ್ತಿವೆ. ಎಚ್ಚರಿಕೆಯ ಫಲಕ ಇರುವಲ್ಲಿ ಇಳಿಯಲೇಬೇಡಿ. ಅದು ಅಲ್ಲಿ ಯಾರೋ ಹೋದ ಮೇಲೆ ಹಾಕಿದ ಫಲಕ.

ನಾವು ಪಾಲಿಸುವ ನಿಯಮಗಳು ಇಷ್ಟೇ. ಊರಿನವರು ದಿನಾ ಸ್ನಾನ ಮಾಡುವ ಕಡವನ್ನೇ ಆರಿಸುತ್ತೇವೆ. ಮೊದಲು ದೊಡ್ಡವರೊಬ್ಬರು ಇಳಿದು ಕಾಲಿನಿಂದ ತಳ ತಡಕಿ ಎಲ್ಲಿಯವರೆಗೆ ಎಂದು ಗುರುತು ಹೇಳುತ್ತಾರೆ. ಮಕ್ಕಳು ಆ ಗುರುತಿನ ಈಚೆಗೆ, ಕೈಗೆಟಕುವ ದೂರದಲ್ಲಿ. ದಡದಲ್ಲಿ ಇನ್ನೊಬ್ಬರು ನೀರು ಕಾಯುತ್ತಾರೆ. ಅವರ ಕೈಯಲ್ಲಿ ಮೊಬೈಲ್ ಇಲ್ಲ, ಮಾತುಕತೆ ಇಲ್ಲ, ಕಣ್ಣು ಮಕ್ಕಳ ಮೇಲೆ ಮಾತ್ರ. ಅರ್ಧ ಗಂಟೆಗೊಮ್ಮೆ ಪಾಳಿ ಬದಲು. ಎತ್ತರದಿಂದ ಧುಮುಕುವುದು ಯಾರಿಗೂ ಇಲ್ಲ.

ಬೇಸಿಗೆಯಲ್ಲಿ ಹರಿವು ನಿಂತು ಬೆಚ್ಚಗಾದ ಕೆಸರು ನೀರಿಗೆ ಮಕ್ಕಳನ್ನು ಇಳಿಸಬೇಡಿ. ಅಂಥ ನೀರು ಮೂಗಿನೊಳಕ್ಕೆ ನುಗ್ಗಿದಾಗ ಮಿದುಳಿಗೆ ತಗಲುವ ಅಮೀಬಾ ಸೋಂಕು ಅಪರೂಪ, ಆದರೆ ತಗಲಿದವರಲ್ಲಿ ಬದುಕುಳಿಯುವವರು ಕಡಿಮೆ. ಪಕ್ಕದ ಕೇರಳದಲ್ಲಿ ಇತ್ತೀಚಿನ ವರ್ಷಗಳಲ್ಲಿ ಇದು ಕಾಣಿಸಿಕೊಂಡಿದೆ.

ನೆಂಟರ ತೋಟದಲ್ಲಿ ಕೃಷಿ ಹೊಂಡ ಇದೆ. ಅಲ್ಲಿ ಅಲೆಯೂ ಇಲ್ಲ, ಸೆಳೆತವೂ ಇಲ್ಲ. ಆಡಿಸಬಹುದಾ?

ಬೇಡವೇ ಬೇಡ. ಇಡೀ ಪಟ್ಟಿಯಲ್ಲಿ ನಮಗೆ ಹೆಚ್ಚು ಭಯ ಇರುವುದು ಇದರ ಬಗ್ಗೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯ ನಂತರ ಬಯಲುಸೀಮೆಯ ಹೊಲಗಳಲ್ಲಿ ಕೃಷಿ ಹೊಂಡಗಳು ತುಂಬಿಕೊಂಡವು. ರೈತರಿಗೆ ಅವುಗಳಿಂದ ಉಪಕಾರವೇ ಆಗಿದೆ. ಆದರೆ ನೀರು ಇಂಗದಿರಲಿ ಎಂದು ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದಾಗ ಸಾಬೂನು ಸವರಿದಂತೆ. ಇಳಿಜಾರಿನ ಅಂಚಿನಲ್ಲಿ ಹಿಡಿಯಲು ಏನೂ ಇಲ್ಲ. ಈಜು ಬಲ್ಲವರೂ ಹತ್ತಿ ಬರಲಾರದೆ ಸೋಲುತ್ತಾರೆ, ಒಬ್ಬ ಮಗುವನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋಗುತ್ತಾರೆ. ನಿಮ್ಮದೇ ಹೊಂಡ ಇದ್ದರೆ ಸುತ್ತ ಬೇಲಿ ಹಾಕಿ, ನಾಲ್ಕೂ ಕಡೆಯಿಂದ ಗಂಟು ಹಾಕಿದ ಹಗ್ಗವನ್ನೋ ಹಳೆಯ ಟೈರುಗಳನ್ನೋ ನೀರಿನವರೆಗೆ ಇಳಿಬಿಡಿ. ಕಲ್ಲು ಕ್ವಾರಿಯ ಗುಂಡಿಗೂ ಇದೇ ಮಾತು.

ಸಮುದ್ರ?

ಮಲ್ಪೆ, ಮುರುಡೇಶ್ವರ, ಗೋಕರ್ಣ ಎಲ್ಲಿ ಹೋದರೂ ಜೀವರಕ್ಷಕರು ಇರುವ ಭಾಗದಲ್ಲೇ ಇಳಿಯಿರಿ. ಕೆಂಪು-ಹಳದಿ ಬಾವುಟಗಳ ನಡುವಿನ ಜಾಗ ಕಾವಲಿರುವ ಜಾಗ, ಬರೀ ಕೆಂಪು ಬಾವುಟ ಇದ್ದರೆ ಇಳಿಯುವಂತಿಲ್ಲ. ಎರಡೂ ಬದಿ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ ಅಲ್ಲಿಂದಲೇ ನೀರು ಒಳಕ್ಕೆ ಸೆಳೆಯುತ್ತಿರುತ್ತದೆ. ಹೊಸಬರು ಶಾಂತ ಎಂದು ಅಲ್ಲೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ಹೋರಾಡದೆ ತೇಲಿಕೊಂಡು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಆಮೇಲೆ ದಡಕ್ಕೆ ಬರಬೇಕು. ಮೇ ಕೊನೆಗೆ ಕಡಲು ಕೆರಳತೊಡಗುತ್ತದೆ. ಜೂನ್ 1ರಿಂದ ಯಾಂತ್ರಿಕ ಮೀನುಗಾರಿಕೆಯೇ ನಿಲ್ಲುತ್ತದೆ. ದೋಣಿ ದಡಕ್ಕೆ ಬಂದ ಮೇಲೆ ನಮ್ಮ ಮಕ್ಕಳಿಗೆ ಅಲ್ಲೇನು ಕೆಲಸ?

ಈಜದೆಯೂ ಕರಾವಳಿ ಚೆಂದ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ಕಂಬ ಕಂಬವಾಗಿ ನಿಂತ ಲಾವಾ ಬಂಡೆಗಳಿವೆ. ಮಡಗಾಸ್ಕರ್ ಭಾರತಕ್ಕೆ ಅಂಟಿಕೊಂಡಿದ್ದು ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಜ್ವಾಲಾಮುಖಿಯ ಗುರುತು. ಷಟ್ಕೋನದ ತಲೆಗಳನ್ನು ಎಣಿಸಲು ಮಕ್ಕಳನ್ನು ಬಿಡಿ, ಐದು ಮೂಲೆಯವೂ ಸಿಗುತ್ತವೆ. ಕುಮಟಾ ಬಳಿಯ ಅಘನಾಶಿನಿ ಅಳಿವೆಗೆ ಇಳಿತದ ಹೊತ್ತು ನೋಡಿಕೊಂಡು ಹೋದರೆ ಕೆಸರಿನಲ್ಲಿ ಏಡಿಗಳು, ಚಿಪ್ಪಿಕಲ್ಲು ಆರಿಸುವ ಹೆಂಗಸರು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಉಸಿರಾಟದ ಬೇರುಗಳು. ಅಣೆಕಟ್ಟಿಲ್ಲದೆ ಹರಿಯುವ ಈ ನದಿಯ ಅಳಿವೆ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಎಂಬ ಪಟ್ಟಿಗೆ ಸೇರಿತು.

ಯಾರಾದರೂ ಮುಳುಗುತ್ತಿದ್ದರೆ ಏನು ಮಾಡಬೇಕು?

ಮುಳುಗುವವರು ಸಿನಿಮಾದಲ್ಲಿನ ಹಾಗೆ ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಏಳುತ್ತ ಬೀಳುತ್ತ ಇರುವಾಗ ಉಸಿರಿಗೇ ಸಮಯವಿಲ್ಲ, ಕೂಗೆಲ್ಲಿಂದ ಬರಬೇಕು? ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಮೌನವಾದರೆ ಅದೇ ಅಪಾಯದ ಸೂಚನೆ. ನೀವು ತರಬೇತಿ ಪಡೆದವರಲ್ಲದಿದ್ದರೆ ನೀರಿಗೆ ಹಾರಬೇಡಿ. ಸೀರೆ, ಪಂಚೆ, ಹಗ್ಗ, ಉದ್ದನೆಯ ಕೋಲು, ಮುಚ್ಚಳ ಬಿಗಿದ ಖಾಲಿ ಕ್ಯಾನು, ಯಾವುದು ಸಿಕ್ಕಿದರೆ ಅದನ್ನು ಎಸೆದು ಎಳೆಯಿರಿ.

ಮೇಲೆತ್ತಿದ ಮಗು ಉಸಿರಾಡುತ್ತಿಲ್ಲವಾದರೆ ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಮಾಡಬೇಡಿ, ಅದರಲ್ಲಿ ಅಮೂಲ್ಯ ನಿಮಿಷಗಳು ಹೋಗುತ್ತವೆ. ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು ಮೊದಲು, ಎದೆ ಒತ್ತುವುದು ಅದರ ಬೆನ್ನಿಗೇ. ಇನ್ನೊಬ್ಬರು 108 ಅಥವಾ 112ಕ್ಕೆ ಕರೆ ಮಾಡಲಿ. ಓದಿ ಕಲಿಯುವ ವಿದ್ಯೆ ಇದಲ್ಲ. ರಜೆಗೆ ಮುಂಚೆ ಮನೆಯ ಒಬ್ಬರಾದರೂ ಸಿಪಿಆರ್ ತರಬೇತಿ ಪಡೆಯಿರಿ.

ಮಂಗನ ಕಾಯಿಲೆ ಇರುವಾಗ ಮಲೆನಾಡಿನ ಕಾಡಿಗೆ ಮಕ್ಕಳನ್ನು ಕರೆದೊಯ್ಯುವುದು ಸರಿಯೇ?

ಎಚ್ಚರದಿಂದ ಕೇಳಬೇಕಾದ ಪ್ರಶ್ನೆಯೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣುಗುಗಳ ಕಡಿತದಿಂದ ಬರುತ್ತದೆ. ಹಾವಳಿ ಮುಖ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ನಮ್ಮ ರಜೆಯೂ ಅದರೊಳಗೇ ಬರುತ್ತದೆ. ಕಾಯಿಲೆ ಬಿದ್ದವರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ, ಇದಕ್ಕೇ ಎಂದು ಔಷಧಿ ಇಲ್ಲ. ಹಾಗಾಗಿ ಹೋಗುವ ಊರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಮೊದಲೇ ವಿಚಾರಿಸಿ. ಮಂಗ ಸತ್ತ ಸುದ್ದಿ ಇರುವ ಕಾಡಿನ ಕಡೆ ಹೋಗಲೇಬೇಡಿ. ಉಳಿದ ಕಡೆ ತುಂಬುತೋಳಿನ ಅಂಗಿ, ಪ್ಯಾಂಟಿನ ಮೇಲೆ ಎಳೆದ ಕಾಲುಚೀಲ, ಮೈಗೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ. ಒಣ ದರಗಿನ ಮೇಲೆ ಕೂರುವುದು, ಮಲಗುವುದು ಬೇಡ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮಕ್ಕಳು ಬಚ್ಚಲಿಗೆ. ಕಿವಿ ಹಿಂದೆ, ಕಂಕುಳು, ತೊಡೆಸಂದು ನೋಡಿ. ನಂತರದ ದಿನಗಳಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ಹಾವುಗಳು?

ಇವೆ. ಕೈ ಕಾಣದ ಜಾಗಕ್ಕೆ ಕೈ ಹಾಕಬಾರದು, ಕಾಲು ಕಾಣದ ಜಾಗಕ್ಕೆ ಕಾಲಿಡಬಾರದು, ಕತ್ತಲಾದರೆ ಟಾರ್ಚ್. ರಾತ್ರಿ ನೆಲದ ಮೇಲೆ ಮಲಗದೆ ಮಂಚದ ಮೇಲೆ ಸೊಳ್ಳೆಪರದೆ ಸಿಕ್ಕಿಸಿ ಮಲಗಿ, ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ಮಲಗಿದ್ದವರನ್ನು. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು, ನಾಟಿಮದ್ದು ಯಾವುದೂ ಬೇಡ. ಆ ಭಾಗ ಅಲುಗಾಡದಂತೆ ಇಟ್ಟು ನೇರ ಆಸ್ಪತ್ರೆಗೆ. ಏಪ್ರಿಲ್ ಹೊತ್ತಿಗೆ ಕಾಳಿಂಗಗಳ ಕೂಡುವ ಕಾಲ, ತೋಟದಲ್ಲಿ ಕಾಣಿಸಿಕೊಂಡರೆ ದೂರ ನಿಂತು ಅರಣ್ಯ ಇಲಾಖೆಗೆ ತಿಳಿಸಿ. ಎಲೆ ಗುಡ್ಡೆ ಹಾಕಿ ಗೂಡು ಕಟ್ಟುವ ಹಾವು ಅದು ಎಂದು ಕೇಳಿದಾಗಿನಿಂದ ಮಗಳಿಗೆ ಅದರ ಮೇಲೆ ಗೌರವ ಬಂದಿದೆ.

ನಮಗೇ ಗಿಡ, ಹುಳಗಳ ಹೆಸರು ಗೊತ್ತಿಲ್ಲ. ಮಕ್ಕಳಿಗೆ ಏನು ತೋರಿಸುವುದು?

ಹೆಸರು ಆಮೇಲೆ ಸಿಗುತ್ತದೆ, ಮೊದಲು ಅದು ಏನು ಮಾಡುತ್ತಿದೆ ನೋಡಿ. ಅಂಗಳದಿಂದಲೇ ಶುರು ಮಾಡಿ. ಮಳೆ ಬೀಳದ ಸೂರಿನಡಿಯ ಪುಡಿಮಣ್ಣಿನಲ್ಲಿ ಆಲಿಕೆಯಾಕಾರದ ಪುಟ್ಟ ಗುಳಿಗಳಿರುತ್ತವೆ. ತಳದಲ್ಲಿ ಇರುವೆಸಿಂಹದ ಮರಿ ಕಾಯುತ್ತ ಕೂತಿರುತ್ತದೆ. ಅಂಚಿಗೆ ಬಂದ ಇರುವೆ ಜಾರಿದರೆ ಅದು ಕೆಳಗಿನಿಂದ ಮಣ್ಣು ಎರಚಿ ಬೀಳಿಸುತ್ತದೆ. ಹುಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿದರೆ ಹಿಂದೆ ಹಿಂದೆ ನಡೆಯುವ ಆ ಹುಳ ಕಾಣುತ್ತದೆ. ಮರಿಯಾಗಿರುವಷ್ಟು ಕಾಲ ಅದು ಕಕ್ಕಸನ್ನೇ ಮಾಡುವುದಿಲ್ಲ, ರೆಕ್ಕೆ ಬಂದ ಮೇಲೇ ಹೊರಹಾಕುವುದು ಎಂದು ಹೇಳಿ ನೋಡಿ, ಆರು ವರ್ಷದವರು ಜೀವಮಾನ ಮರೆಯುವುದಿಲ್ಲ.

ಮಾವಿನ ಮರದಲ್ಲಿ ಎಲೆಗಳನ್ನು ಹೊಲಿದ ಚಗಳಿ ಗೂಡು ಇದ್ದರೆ ಒಂದು ಮಾರು ದೂರದಿಂದ ನೋಡಿ. ಒಂದಷ್ಟು ಇರುವೆಗಳು ಸರಪಳಿಯಾಗಿ ಎಲೆಯಂಚುಗಳನ್ನು ಎಳೆದು ಹಿಡಿಯುತ್ತವೆ. ಮತ್ತೆ ಕೆಲವು ಬಾಯಲ್ಲಿ ಮರಿಹುಳವನ್ನು ಕಚ್ಚಿಕೊಂಡು ಆಚೀಚೆ ಮುಟ್ಟಿಸುತ್ತವೆ. ರೇಷ್ಮೆ ಬರುವುದು ಆ ಮರಿಯಿಂದ, ದೊಡ್ಡ ಇರುವೆಗೆ ನೂಲುವ ಶಕ್ತಿ ಇಲ್ಲ. ಮರದ ಕಾಂಡದಲ್ಲಿ ಬೆನ್ನು ಸೀಳಿದ ಕಂದು ಪೊರೆ ಅಂಟಿದ್ದರೆ ಅದು ನೆಲದಿಂದ ಮೇಲೆ ಬಂದ ಜೀರುಂಡೆ ಕಳಚಿಟ್ಟ ಅಂಗಿ. ಕೂಗುವುದು ಗಂಡು ಮಾತ್ರ, ಗಂಟಲಿನಿಂದಲ್ಲ, ಹೊಟ್ಟೆಯ ಬುಡದ ತಮಟೆಯಂಥ ಪೊರೆಯಿಂದ. ಅಡಿಕೆ ತೋಟದಲ್ಲಿ ತಲೆಯೆತ್ತಿ ಕಾಯುವ ತಾಳ್ಮೆ ಇದ್ದರೆ ಹಾರುವ ಓತಿ ಮರದಿಂದ ಮರಕ್ಕೆ ತೇಲಿ ಹೋಗುವುದನ್ನು ನೋಡಬಹುದು. ಪಕ್ಕೆಲುಬು ಬಿಡಿಸಿದಾಗ ಹರಡುವ ಚರ್ಮವೇ ಅದರ ರೆಕ್ಕೆ. ಗಂಡು ಗಂಟಲಿನ ಹಳದಿ ಬಾವುಟ ಎತ್ತಿ ಇಳಿಸುವುದು ಕಂಡಿತೆಂದರೆ ಅವತ್ತು ಊಟಕ್ಕೆ ಯಾರನ್ನೂ ಕರೆಯಬೇಡಿ.

ಇನ್ನೊಂದು ಹುಳವೂ ಅಲ್ಲ, ಹಕ್ಕಿಯೂ ಅಲ್ಲ: ನೆರಳಿಲ್ಲದ ದಿನ. ವರ್ಷಕ್ಕೆರಡು ಬಾರಿ ನಡುಮಧ್ಯಾಹ್ನ ಸೂರ್ಯ ನೆತ್ತಿಯ ನೇರಕ್ಕೆ ಬಂದು ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಬೆಂಗಳೂರು, ಮಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು, ಹುಬ್ಬಳ್ಳಿಯಲ್ಲಿ ಮೇ 2ರ ಹೊತ್ತಿಗೆ, ಕಲಬುರಗಿಯಲ್ಲಿ ಮೇ 10ರ ಹೊತ್ತಿಗೆ. ಮಧ್ಯಾಹ್ನ 12ರಿಂದ 12.40ರವರೆಗೆ ಅಂಗಳದಲ್ಲಿ ಒಂದು ಲೋಟ ನಿಲ್ಲಿಸಿ ಐದೈದು ನಿಮಿಷಕ್ಕೆ ಸೀಮೆಸುಣ್ಣದಿಂದ ನೆರಳಿನ ಗುರುತು ಹಾಕಲು ಹೇಳಿ.

ಹಕ್ಕಿ ನೋಡಲು ಎಲ್ಲಿಗೆ ಹೋಗಬೇಕು?

ಮಂಡಗದ್ದೆ, ಗುಡವಿ ಮಳೆಗಾಲದ ಪಕ್ಷಿಧಾಮಗಳು. ಬೇಸಿಗೆಯಲ್ಲಿ ಹೋಗಿ ನಿರಾಶರಾಗಬೇಡಿ. ಬೆಂಗಳೂರು-ಮೈಸೂರು ಕಡೆಯವರಿಗೆ ಏಪ್ರಿಲ್‌ನಲ್ಲಿ ರಂಗನತಿಟ್ಟು ಸರಿ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಕಾವೇರಿಯ ಈ ನಡುಗಡ್ಡೆಗಳಲ್ಲಿ ಆಗ ಮರಿಗಳ ಗಲಾಟೆ. ಬಂಡೆ ಮೇಲೆ ಬಾಯ್ದೆರೆದು ಮಲಗಿದ ಮೊಸಳೆಗಳನ್ನು ದೋಣಿಯಿಂದ ಹತ್ತಿರದಿಂದಲೇ ಕಾಣಬಹುದು. ನಮಗೆ ಇನ್ನೂ ಪ್ರೀತಿಯ ಜಾಗ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು. ಅಲ್ಲಿ ಬೇಲಿ ಇಲ್ಲ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆಮರಗಳಲ್ಲಿ ಗೂಡು ಕಟ್ಟುತ್ತವೆ, ಕೆಳಗೆ ಜನ ದನ ಕಟ್ಟುತ್ತಾರೆ. ತಲೆತಲಾಂತರದಿಂದ ಊರವರು ಅವನ್ನು ತವರಿಗೆ ಬಂದ ಮಗಳಂತೆ ಕಂಡಿದ್ದಾರೆ. ಗದ್ದಲ ಮಾಡಬಾರದು ಎಂದು ಮಕ್ಕಳಿಗೆ ಅಲ್ಲಿ ಹೇಳಿಕೊಡಬೇಕಾಗುವುದಿಲ್ಲ.

ಮನೆಯಲ್ಲೇ ಇದ್ದರೂ ಕೋಗಿಲೆಯ ಕಥೆ ಬೇಸಿಗೆಯಲ್ಲೇ ನಡೆಯುತ್ತದೆ. ಕೂಗುವುದು ಕೆಂಪು ಕಣ್ಣಿನ ಕಪ್ಪು ಗಂಡು. ಚುಕ್ಕೆ ಚುಕ್ಕೆಯ ಹೆಣ್ಣು ಕಾಗೆಗೂಡಿನ ಸುತ್ತ ಸುಳಿಯುತ್ತದೆ. ಮೇ ಹೊತ್ತಿಗೆ ಕೋಗಿಲೆಮರಿಗೆ ಕಾಗೆ ಗುಟುಕು ಕೊಡುವುದನ್ನು ನಗರದ ತಾರಸಿಯಿಂದಲೂ ನೋಡಬಹುದು. ದುಬಾರಿ ದುರ್ಬೀನು ಬೇಡ. 8×42 ಎಂದು ಬರೆದ ಸಾಧಾರಣದ್ದೊಂದು ಸಾಕು.

ಮಿಂಚುಹುಳ ನೋಡಲು ಯಾವಾಗ ಹೋಗಬೇಕು?

ಮೇ ಕೊನೆ, ಜೂನ್ ಮೊದಲು, ಒಂದೆರಡು ಮಳೆ ಬಿದ್ದ ಮೇಲೆ, ಚಂದ್ರನಿಲ್ಲದ ರಾತ್ರಿ. ಅಂಗಳದ ದೀಪ ಆರಿಸಿ. ಟಾರ್ಚ್, ಫ್ಲ್ಯಾಶ್ ಬೇಡ. ಅವು ಬೆಳಕಿನಲ್ಲೇ ಸಂಗಾತಿಯನ್ನು ಹುಡುಕುವುದರಿಂದ ನಮ್ಮ ಬೆಳಕು ಅವುಗಳ ಮಾತಿಗೆ ಅಡ್ಡ. ಸೀಸೆಯಲ್ಲಿ ತುಂಬಿಡುವುದಂತೂ ಬೇಡವೇ ಬೇಡ.

ಕಾಡುಹಣ್ಣು ತಿನ್ನಲು ಬಿಡುತ್ತೀರಾ?

ಊರಿನ ಹಿರಿಯರು ತಾವೇ ತಿಂದು ತೋರಿಸಿದ್ದನ್ನು ಮಾತ್ರ. ಕವಳಿ, ನೇರಳೆ, ಮುರುಗಲು, ಗೇರು. ಗೇರುಬೀಜದ ಹಸಿ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಮಕ್ಕಳು ಹಲ್ಲಿನಲ್ಲಿ ಕಚ್ಚದಂತೆ ನೋಡಿಕೊಳ್ಳಿ. ಕಾಸರಕದ ಹಣ್ಣು ಕಿತ್ತಳೆಯಂತೆ ಚೆಂದ, ಆದರೆ ಕಡು ವಿಷ. ಗುಲಗಂಜಿ, ಕಣಗಿಲೆ, ದತ್ತೂರಿಯನ್ನು ಮೊದಲ ದಿನವೇ ತೋರಿಸಿ ಗುರುತು ಮಾಡಿಸಿ. ಬಾವಲಿ, ಹಕ್ಕಿ ಕಚ್ಚಿ ಬಿದ್ದ ಹಣ್ಣು ಎಷ್ಟೇ ಸಿಹಿಯಾಗಿರಲಿ ಬೇಡ.

ಮಗ ಆಮೆಮರಿ, ಗಿಳಿಮರಿ ಮನೆಗೆ ತರೋಣ ಎಂದು ಹಟ ಮಾಡುತ್ತಾನೆ.

ನಕ್ಷತ್ರ ಆಮೆ, ನಮ್ಮ ನಾಡಿನ ಗಿಳಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮಕ್ಕಳಿಗೆ ಕಾನೂನಿಗಿಂತ, ಅದರ ಅಮ್ಮ ಸಂಜೆ ಹುಡುಕುತ್ತದೆ ಎಂಬ ಮಾತು ಬೇಗ ಅರ್ಥವಾಗುತ್ತದೆ. ಗೂಡಿನಿಂದ ಬಿದ್ದ ಮರಿಯನ್ನು ಬೆಕ್ಕಿಗೆ ಸಿಗದ ಕೊಂಬೆಯ ಮೇಲಿಟ್ಟು ದೂರ ನಿಲ್ಲಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆ ಎಂಬುದು ನಿಜವಲ್ಲ. ಉದುರಿದ ಎಲೆ, ಬೀಜ, ಜೀರುಂಡೆಯ ಪೊರೆ ತರಲಿ, ಅಡ್ಡಿಯಿಲ್ಲ.

ನಮಗೆ ಅಜ್ಜಿಮನೆ ಇಲ್ಲ, ರಜೆಯೂ ಇಲ್ಲ. ಊರಲ್ಲೇ ಇದ್ದು ಏನು ಮಾಡಬಹುದು?

ಬಹಳ ಮಾಡಬಹುದು. ಬೆಂಗಳೂರಿನವರು ಬೆಳಿಗ್ಗೆ ಏಳರೊಳಗೆ ಲಾಲ್‌ಬಾಗ್ ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲಿನ ಮೇಲೆ ಮಕ್ಕಳನ್ನು ಬರಿಗಾಲಲ್ಲಿ ನಿಲ್ಲಿಸಿ. ಮೈಸೂರಿನಲ್ಲಿ ರಂಗಾಯಣ ನಾಟಕ ಸಂಸ್ಥೆಯ ಮಕ್ಕಳ ಬೇಸಿಗೆ ಶಿಬಿರ, ಚಿಣ್ಣರ ಮೇಳವಿದೆ. ರಾಯಚೂರು, ಕಲಬುರಗಿ ಕಡೆ ಬಿಸಿಲು 40 ಡಿಗ್ರಿ ದಾಟುವುದರಿಂದ ಬೆಳಿಗ್ಗೆ ಎಂಟರೊಳಗೆ ಮತ್ತು ಸಂಜೆ ಐದರ ಮೇಲೆ ಮಾತ್ರ ಹೊರಗೆ. ಹೊಲದ ತಂತಿಯ ಮೇಲೆ ಕೂತ ನೀಲಕಂಠ, ನಮ್ಮ ರಾಜ್ಯಪಕ್ಷಿ, ಈ ತಿಂಗಳುಗಳಲ್ಲೇ ಆಕಾಶದಿಂದ ಪಲ್ಟಿ ಹೊಡೆಯುತ್ತ ಇಳಿದು ಜೊತೆಗಾತಿಯ ಮನಸ್ಸು ಗೆಲ್ಲುವುದು. ರಾತ್ರಿ ಮಾಳಿಗೆ ಮೇಲೆ ಮಲಗುವವರಿಗೆ ಉತ್ತರಕ್ಕೆ ಸಪ್ತರ್ಷಿ, ಹೊತ್ತು ಏರಿದಂತೆ ಆಗ್ನೇಯದಲ್ಲಿ ವೃಶ್ಚಿಕದ ಬಾಲ. ಎಲ್ಲಿದ್ದರೂ ಬಾಟಲಿಯಲ್ಲಿ ನೀರು, ಮಜ್ಜಿಗೆ ಇರಲಿ. ಮಗು ಬಾಯಾರಿಕೆ ಎನ್ನುವವರೆಗೆ ಕಾಯಬೇಡಿ.

ಮಕ್ಕಳು ಬೋರ್ ಎಂದರೆ?

ಸ್ವಲ್ಪ ಹೊತ್ತು ಬೋರ್ ಆಗಲಿ. ನಾವು ಏನೂ ಕೊಡುವುದಿಲ್ಲ. ಕಾಲು ಗಂಟೆಯೊಳಗೆ ಅವರೇ ಕೋಲು ಹುಡುಕಿಕೊಂಡು ಎದ್ದು ಹೋಗುತ್ತಾರೆ.

ತಿಂದ ಹಣ್ಣಿನ ಬೀಜಗಳನ್ನು ಮಕ್ಕಳು ಕೂಡಿಟ್ಟಿದ್ದಾರೆ. ಜುಲೈನಲ್ಲಿ ಹಾಕಿದರೆ ಹುಟ್ಟುತ್ತವೆಯೇ?

ನೇರಳೆ, ಹಲಸು, ಮಾವಿನ ಬೀಜಗಳು ಒಣಗಿದರೆ ಸಾಯುತ್ತವೆ, ಡಬ್ಬಿಯಲ್ಲಿಟ್ಟು ಕಾಯುವಂತಿಲ್ಲ. ತಿಂದ ವಾರದೊಳಗೆ ತೊಳೆದು, ತೂತು ಮಾಡಿದ ಹಾಲಿನ ಕವರಿಗೆ ಮಣ್ಣು-ಗೊಬ್ಬರ ತುಂಬಿ ಬೆರಳಿನ ಒಂದು ಗಣ್ಣಿನಷ್ಟು ಆಳಕ್ಕೆ ಊರಿ ನೆರಳಿನಲ್ಲಿಡಿ. ಕಕ್ಕೆಯ ಬೀಜದ ಸಿಪ್ಪೆ ಗಟ್ಟಿ. ಮರಳುಕಾಗದದಲ್ಲಿ ಒಂದು ಬದಿ ತಿಕ್ಕಿ ರಾತ್ರಿಯೆಲ್ಲ ನೆನೆಸಿ ಹಾಕಿದರೆ ಬೇಗ ಮೊಳೆಯುತ್ತದೆ. ಕವರಿನ ಮೇಲೆ ಮಗುವಿನ ಹೆಸರು, ಹಣ್ಣು ತಿಂದ ಜಾಗ, ತಾರೀಖು ಬರೆಸಿ. ಮುಂಗಾರು ಹಿಡಿದ ಮೇಲೆ ನೆಲಕ್ಕಿಳಿಸಬಹುದು.